ದೊಡ್ಡಕ್ಕನಿಗಾಗಿ ಇಳಿಸಿದ ಶ್ರುತಿ

ಊರಿನ ಅರ್ಧದಷ್ಟು ಲಿಫ್ಟುಗಳನ್ನು ಅವನು ಒಮ್ಮೆಯಾದರೂ ಬಿಚ್ಚಿ ಜೋಡಿಸಿದ್ದ. ಲಿಫ್ಟ್ ಕೆಟ್ಟಾಗ ಮಾತ್ರ ಜನ ಅವನನ್ನು ನೆನೆಯುತ್ತಿದ್ದುದರಿಂದ, ಮೂವತ್ತು ವರ್ಷದ ನೌಕರಿಯಲ್ಲಿ ಅವನು ಲಿಫ್ಟ್ ಹತ್ತಿದ್ದಕ್ಕಿಂತ ಮೆಟ್ಟಿಲು ಹತ್ತಿದ್ದೇ ಹೆಚ್ಚು. ಸಲಕರಣೆಯ ಚೀಲ ಹೊತ್ತು ಹನ್ನೆರಡನೇ ಮಹಡಿಯ ಮೇಲಿನ ಮೋಟಾರು ಕೋಣೆಗೆ ಹೋಗಿ, ಬ್ರೇಕಿನ ಪಟ್ಟಿ ಬದಲಿಸಿ, ಗ್ರೀಸು ಮೆತ್ತಿದ ಕೈಯನ್ನು ಹಳೆಯ ಬನಿಯನ್ ತುಂಡಿಗೆ ಒರೆಸಿಕೊಂಡು ಕೆಳಗಿಳಿಯುವಷ್ಟರಲ್ಲಿ ಮಂಡಿಗಳು ಕಟಕಟ ಎನ್ನುತ್ತಿದ್ದವು. "ಊರಿನ ಲಿಫ್ಟಿಗೆಲ್ಲ ಹಾಕೋ ಗ್ರೀಸಲ್ಲಿ ಒಂದ್ ಚಮಚ ನಿಮ್ಮ ಮಂಡಿಗೂ ಹಾಕ್ಕೊಳ್ರಿ" ಎಂದು ಹೆಂಡತಿ ಛೇಡಿಸುತ್ತಿದ್ದಳು. ಅವನಿಗೆ ಐವತ್ತೇಳು ವರ್ಷ. ಅಪಾರ್ಟ್‌ಮೆಂಟಿನ ಕಾವಲುಗಾರರಿಂದ ಹಿಡಿದು ಸಂಗೀತದ ಗೆಳೆಯರವರೆಗೆ ಎಲ್ಲರಿಗೂ ಅವನು ಲಿಫ್ಟಣ್ಣ.

ಸಂಗೀತದ ಗೆಳೆಯರು ಎಂದರೆ ಭಾನುವಾರದವರು. ಮುಚ್ಚಿಹೋದ ಪೀಠೋಪಕರಣದ ಅಂಗಡಿಯೊಂದರ ಹಿಂದಿನ ಗೋದಾಮಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಊರಿನ ಬ್ಲೂಸ್ ಹಾಡುಗಾರರು ಸೇರುತ್ತಿದ್ದರು. ಬ್ಲೂಸ್ ಎಂದರೆ ಮೈಮುರಿದು ದುಡಿದವರು ತಮ್ಮ ದಣಿವನ್ನು ತಾವೇ ಹಾಡಿಕೊಂಡಾಗ ಹುಟ್ಟಿದ ಹಾಡು. ಇಲ್ಲಿಗೆ ಬರುವವರೂ ಅಂಥವರೇ. ಬಾಗಿಲ ಬಳಿ ಒಂದು ಸ್ಲೇಟು. ಹಾಡಬೇಕೆನ್ನುವವರು ಅದರ ಮೇಲೆ ಹೆಸರು ಬರೆಸಬೇಕು, ತಲಾ ಎರಡು ಹಾಡು. ಯಾರೇ ಹಾಡಲಿ, ಹಿಂದೆ ನಿಂತು ನುಡಿಸುವವರು ಮೂವರೇ: ಗಿಟಾರಿಗೆ ಕನ್ನಡಕದ ಅಂಗಡಿಯವನು, ಡ್ರಮ್ಮಿಗೆ ಸಲೂನಿನವನು, ಬೇಸ್ ಗಿಟಾರಿಗೆ ಲಿಫ್ಟಣ್ಣ. ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರಿನ ಸದ್ದನ್ನು ಯಾರೂ ಬೇರೆಯಾಗಿ ಗಮನಿಸುವುದಿಲ್ಲ. ನಿಂತಾಗ ಮಾತ್ರ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಸ್ಲೇಟು ಬರೆಯುವುದೂ ಲಿಫ್ಟಣ್ಣನ ಕೆಲಸವೇ.

ಸ್ಲೇಟಿನ ಕೊನೆಯ ಹೆಸರು ಮಾತ್ರ ಇಪ್ಪತ್ತನಾಲ್ಕು ವರ್ಷಗಳಿಂದ ಬದಲಾಗಿರಲಿಲ್ಲ. ಅದು ದೊಡ್ಡಕ್ಕನದು.

ದೊಡ್ಡಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಯಂತ್ರಗಳ ಗದ್ದಲದ ಮೇಲೆ ಹಾಡಿ ಹಾಡಿ ಅವಳ ಗಂಟಲು ದೊಡ್ಡದಾಗಿತ್ತು. ಮದುವೆಯಾಗಲಿಲ್ಲ, ಒಡಹುಟ್ಟಿದವರು ಉಳಿದಿಲ್ಲ. ಹಾಡೆಲ್ಲ ಅವಳೇ ಕಟ್ಟಿದ್ದು. "ಬಿಳಿ ಹಾಸಿಗೆ ಬಟ್ಟೆಯ ಗುಡ್ಡ, ತೊಳೆದಷ್ಟೂ ಬೆಳೀತದೆ, ಯಾರ ನೋವೋ ಕಾಣೆ, ನನ್ನ ಕೈಯಲಿ ನೆನೀತದೆ" ಎಂದು ಅವಳು ಎತ್ತಿಕೊಂಡರೆ ಗೋದಾಮಿನ ತಗಡು ಗುಂಯ್‌ಗುಡುತ್ತಿತ್ತು. ಆ ಹಾಡಿನ ಶ್ರುತಿ, ಇಂಗ್ಲಿಷ್ ಸ್ವರಗಳ ಲೆಕ್ಕದಲ್ಲಿ, 'ಇ'. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರವೂ ಅದೇ. ಬೆರಳು ಒತ್ತದೆ ಸುಮ್ಮನೆ ಮೀಟಿದರೂ ಸಾಕು.

ಏಳು ವರ್ಷದ ಹಿಂದೆ ಒಂದು ಭಾನುವಾರ ದೊಡ್ಡಕ್ಕನ ದನಿ ಮೇಲಿನ ಸ್ವರಕ್ಕೆ ಹೋಗದೆ ಒಡೆಯಿತು. ಹಬೆಯಲ್ಲಿ ಬೆಂದ ಎದೆ, ಇನ್ನೇನಾದೀತು? ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅವಳು ಲಿಫ್ಟಣ್ಣನಿಗೆ, "ಇನ್ನೊಂದ್ಸಲ ಹೀಗಾದ್ರೆ ಹಾಡೋದು ಬಿಟ್ಟೆ ಕಣೋ. ಆಮೇಲೆ ಭಾನುವಾರ ಏನ್ಮಾಡ್ಲಿ, ಗೋಡೆ ನೋಡ್ಲಾ?" ಎಂದಿದ್ದಳು.

ಮುಂದಿನ ಭಾನುವಾರ ಅವನೂ ಕನ್ನಡಕದವನೂ ಅವಳ ಸರದಿಗೆ ಮೊದಲು ಹಿಂದಿನ ಕೋಣೆಗೆ ಹೋಗಿ ತಂತಿಗಳನ್ನು ಒಂದು ಮೆಟ್ಟಿಲು, ಅಂದರೆ ಅರ್ಧ ಸ್ವರ, ಸಡಿಲಿಸಿಕೊಂಡು ಬಂದರು. ಬೆರಳು ಓಡುವುದು ಅದೇ ಜಾಗದಲ್ಲಿ, ಹೊರಡುವ ಸ್ವರ ಮಾತ್ರ ಕೆಳಗೆ. ದೊಡ್ಡಕ್ಕ 'ಇ' ಎಂದಳು, ಅವರು ತಲೆಯಾಡಿಸಿದರು, ಅವಳ ದನಿ ಸಲೀಸಾಗಿ ಮೇಲೇರಿತು. ಅಂದಿನಿಂದ ದೊಡ್ಡಕ್ಕನ ಸರದಿಗೆ ಮುಂಚೆ ಕಾಲು ಗಂಟೆ ಟೀ ಬಿಡುವು. ಅದು ಹಿರಿಯಳಿಗೆ ಕೊಡುವ ಗೌರವ ಎಂದೇ ಎಲ್ಲರೂ ತಿಳಿದಿದ್ದರು. ಮೂಲೆಯ ಪಿಯಾನೋದ ಶ್ರುತಿ ಇಳಿಸಲಾಗದು, ಆದ್ದರಿಂದ ಅದಕ್ಕೆ ಬೀಗ ಬಿತ್ತು. ಕೇಳಿದವರಿಗೆ ರಿಪೇರಿ ಆಗಬೇಕು ಎಂಬ ಉತ್ತರ. ಮೌತ್ ಆರ್ಗನ್ ನುಡಿಸುತ್ತಿದ್ದ ಅಂಚೆಯವನು ಅದಕ್ಕೂ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹೀಗೆ ಗುಟ್ಟು ಮೂವರಲ್ಲೇ ಉಳಿಯಿತು. ಒಂದಿದ್ದದ್ದು ಎರಡು ಮೆಟ್ಟಿಲಾಯಿತು, ಮೂರಾಯಿತು, ಈಗ ನಾಲ್ಕು. ಅವಳು 'ಇ' ಎನ್ನುತ್ತಿದ್ದಳು, ಅವರು 'ಸಿ' ನುಡಿಸುತ್ತಿದ್ದರು.

ಇದರಲ್ಲಿ ಒಂದು ಸಂಗತಿ ಮಾತ್ರ ಲಿಫ್ಟಣ್ಣನನ್ನು ಚುಚ್ಚುತ್ತಿತ್ತು. ಹಿಂದಿನ ವರ್ಷ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಹಾಡಲು ಬಂದಿದ್ದಳು. "ಅಣ್ಣಾ, ಶ್ರುತಿ ಸ್ವಲ್ಪ ಇಳಿಸ್ತೀರಾ? ದಿನಾ ಕೂಗಿ ಕೂಗಿ ಗಂಟಲು ಕಟ್ಟಿದೆ" ಎಂದಳು. ಅವನು ಹೂಂ ಎನ್ನುವ ಮೊದಲೇ ಮುಂದಿನ ಕುರ್ಚಿಯಿಂದ ದೊಡ್ಡಕ್ಕನ ದನಿ ಬಂತು: "ಹಾಡು ನಿನ್ನ ಹತ್ರ ಇಳಿದು ಬರಬೇಕೇನಮ್ಮಾ? ನನಗೆ ಅರವತ್ತೊಂಬತ್ತು. ಇವತ್ತಿಗೂ ಒಂದ್ ಕೂದಲಷ್ಟು ಇಳಿಸಿಲ್ಲ. ನಿನಗೇನ್ ಬಂದಿದೆ ಧಾಡಿ?" ಎಲ್ಲರೂ ನಕ್ಕರು. ಕಂಡಕ್ಟರಮ್ಮ ಇದ್ದ ಶ್ರುತಿಯಲ್ಲೇ ಹಾಡಿದಳು, ನಡುವೆ ದನಿ ಬಿರುಕುಬಿಟ್ಟಿತು, ಮೈಕು ಕೆಳಗಿಟ್ಟು ಹೋದವಳು ಮತ್ತೆ ಬರಲಿಲ್ಲ. ಅದಾಗಿ ಹತ್ತು ನಿಮಿಷಕ್ಕೆ ಲಿಫ್ಟಣ್ಣ ಹಿಂದಿನ ಕೋಣೆಯಲ್ಲಿ ನಿಂತು ತಂತಿಯನ್ನು ಮೂರು ಮೆಟ್ಟಿಲು ಇಳಿಸಿದ್ದ.

ಈ ವರ್ಷ ದೊಡ್ಡಕ್ಕನಿಗೆ ನಾಲ್ಕೂ ಸಾಲದಾಯಿತು. "ಇನ್ನೊಂದು ಇಳಿಸೋಣ" ಎಂದ ಕನ್ನಡಕದವನು.

"ಎಲ್ಲಿಗೆ ಇಳಿಸ್ತೀಯ? ನನ್ನ ಕೆಳಗಿನ ತಂತಿ ಆಗಲೇ ಬಟ್ಟೆ ಒಣಹಾಕೋ ಹಗ್ಗದ ಹಾಗೆ ಜೋತಾಡ್ತಿದೆ. ಮೀಟಿದ್ರೆ ಮರಕ್ಕೆ ಬಡಿದು ಪಟಪಟ ಅನ್ನುತ್ತೆ."

"ಹಾಗಾದ್ರೆ ಅಕ್ಕನಿಗೆ ಹೇಳಿಬಿಡು."

"ನಾನೇ ಯಾಕೆ?"

"ನಿನ್ನ ಮಾತಾದ್ರೆ ಕೇಳ್ತಾರೆ. ನನಗಾದ್ರೆ ಕನ್ನಡಕ ಒಡೀತಾರೆ."

ಹೇಳುತ್ತೇನೆ ಎಂದು ಲಿಫ್ಟಣ್ಣ ಒಪ್ಪಿಕೊಂಡ. ಒಪ್ಪಿಕೊಂಡು ಆರು ಭಾನುವಾರ ಕಳೆದವು. ವಾರವಿಡೀ ದುಡಿದು ಸೋತ ಮೈ. ಬಾಯಿ ತೆರೆಯುವ ಹೊತ್ತಿಗೆ, ಮುಂದಿನ ವಾರ ನೋಡೋಣ ಅನ್ನಿಸುತ್ತಿತ್ತು.

ಏಳನೆಯ ಭಾನುವಾರ ಹೊಸಬಳೊಬ್ಬಳು ಬಂದಳು. ಹಲ್ಲಿನ ಆಸ್ಪತ್ರೆಯ ನರ್ಸು, ಕೈಯಲ್ಲಿ ಪುಟ್ಟ ಪೆಟ್ಟಿಗೆ, ಅದರ ತುಂಬ ಸಾಲಾಗಿ ಮೌತ್ ಆರ್ಗನ್ನುಗಳು. ಒಂದೊಂದಕ್ಕೆ ಒಂದೊಂದು ಶ್ರುತಿ. ತಂತಿಯ ಹಾಗೆ ಹಿಗ್ಗಿಸಲು ಕುಗ್ಗಿಸಲು ಬಾರದು. ಪೆಟ್ಟಿಗೆ ಕಂಡದ್ದೇ ಲಿಫ್ಟಣ್ಣ ಬಳಪ ಕೈಗೆತ್ತಿಕೊಂಡ. ಸ್ಲೇಟಿನಲ್ಲಿ ಅವಳ ಹೆಸರನ್ನು ಎಲ್ಲರಿಗಿಂತ ಮೊದಲು ಬರೆದ. ದೊಡ್ಡಕ್ಕನ ಸರದಿಗೆ ಮೊದಲೇ ನುಡಿಸಿ ಹೊರಟುಬಿಡಲಿ ಎಂಬ ಲೆಕ್ಕಾಚಾರ.

ಆದರೆ ನರ್ಸಮ್ಮ ಸೊಗಸಾಗಿ ನುಡಿಸಿದಳು. ದೊಡ್ಡಕ್ಕ ಕುರ್ಚಿಯಿಂದ ಎದ್ದುಬಂದು ಅವಳ ಗಲ್ಲ ಹಿಡಿದಳು.

"ಎಲ್ಲಿದ್ಯೇ ಇಷ್ಟು ದಿನ? ಅಂಚೆಯವನು ಹೋದ್ಮೇಲೆ ಈ ಸದ್ದೇ ಕೇಳಿರಲಿಲ್ಲ. ಎಲ್ಲೂ ಹೋಗ್ಬೇಡ, ನನ್ನ ಜೊತೆ ನುಡಿಸು."

"ಅಕ್ಕಾ, ಅವರು ಹೊಸಬರು, ನಿಮ್ಮ ಹಾಡು ಗೊತ್ತಿಲ್ಲ..." ಎಂದು ಲಿಫ್ಟಣ್ಣ ನಡುವೆ ಬಾಯಿ ಹಾಕಿದ.

"ನಿನಗ್ಯಾಕೋ ಉರಿ? ನಿನ್ನ ಕೆಲಸ ಏನಾದ್ರೂ ಕೇಳಿದ್ಲಾ ಅವಳು?"

ಟೀ ಬಿಡುವಾಯಿತು. ಹಿಂದಿನ ಕೋಣೆಯಲ್ಲಿ ತಂತಿ ಸಡಿಲಿಸುತ್ತಾ ಲಿಫ್ಟಣ್ಣ, "ಆ ನರ್ಸಮ್ಮನ ಕಿವೀಲಿ 'ಸಿ' ಅಂತ ಹೇಳ್ಬೇಕು" ಎಂದ. ಕನ್ನಡಕದವನು "ಹೂಂ, ಹೇಳ್ಬೇಕು" ಎಂದ. ಇವನು ಹೇಳುತ್ತಾನೆ ಎಂದುಕೊಂಡು ಅವನು ಗಿಟಾರು ಹೆಗಲಿಗೇರಿಸಿದ. ಅವನು ಹೇಳುತ್ತಾನೆ ಎಂದುಕೊಂಡು ಇವನು ಮರದ ಪೆಟ್ಟಿಗೆಯ ಮೇಲೆ ಎರಡು ನಿಮಿಷ ಕಾಲು ಚಾಚಿ ಕುಳಿತ. ಬೆಳಿಗ್ಗೆ ತುರ್ತು ಕರೆಯೊಂದಕ್ಕೆ ಒಂಬತ್ತು ಮಹಡಿ ಹತ್ತಿ ಬಂದ ಕಾಲುಗಳು. ಲಿಫ್ಟಣ್ಣ ಹೊರಗೆ ಬರುವಷ್ಟರಲ್ಲಿ ದೊಡ್ಡಕ್ಕ ಮೈಕಿನ ಮುಂದೆ ನಿಂತು ನರ್ಸಮ್ಮನಿಗೆ "ಇ ಕಣಮ್ಮಾ" ಎಂದಾಗಿತ್ತು, ಸಲೂನಿನವನು ಕೋಲೆತ್ತಿ ತಾಳ ಎಣಿಸಿಯೂ ಆಗಿತ್ತು.

ಮೊದಲ ಸಾಲಿಗೇ ಮೌತ್ ಆರ್ಗನ್ನು ಹಾಡಿನ ಮೈಗೆ ಗರಗಸ ಹಾಕಿದಂತೆ ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನರ್ಸಮ್ಮ ಗಾಬರಿಯಾಗಿ "ತಪ್ಪು ನಂದೇ" ಎಂದು ಪೆಟ್ಟಿಗೆ ತಡಕಿ ಇನ್ನೊಂದು ತೆಗೆದಳು, ಅದೂ ಹೊಂದಲಿಲ್ಲ. ಮೂರನೆಯದು ಹೊಂದಿತು. ಅವಳ ಮುಖ ಅರಳಿತು.

"ಓ, ನೀವು ನುಡಿಸ್ತಿರೋದು 'ಸಿ' ಅಲ್ವಾ! 'ಇ' ಅಂದ್ರಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ."

ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ದೊಡ್ಡಕ್ಕ ಹಿಂದೆ ತಿರುಗಿ 'ಇ' ಜಾಗದಲ್ಲೇ ಇದ್ದ ಲಿಫ್ಟಣ್ಣನ ಎಡಗೈ ನೋಡಿದಳು, ಆಮೇಲೆ ಜೋತುಬಿದ್ದ ತಂತಿಯನ್ನು. ಇಪ್ಪತ್ತನಾಲ್ಕು ವರ್ಷ ಅವನಿಗೆ ಬೆನ್ನು ಕೊಟ್ಟು ಹಾಡಿದವಳು, ತಂತಿಯನ್ನು ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಮೈಕು ಕಂಬಕ್ಕೆ ಸಿಕ್ಕಿಸಿ, ಕುರ್ಚಿಯ ಮೇಲಿದ್ದ ಚೀಲ ತೆಗೆದುಕೊಂಡು ಹೊರಟುಹೋದಳು.

ಮರುದಿನ ಕೆಲಸ ಮುಗಿಸಿ ಲಿಫ್ಟಣ್ಣ ಅವಳ ಮನೆಗೆ ಹೋದ. ಮೂರನೆಯ ಮಹಡಿ, ಲಿಫ್ಟಿಲ್ಲದ ಕಟ್ಟಡ. ಬಾಗಿಲು ತೆರೆದೇ ಇತ್ತು. ದೊಡ್ಡಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೂತ್ಕೋ ಎನ್ನಲಿಲ್ಲ.

"ಎಷ್ಟು ವರ್ಷ ಆಯ್ತು?"

"ಏಳು."

"ಎಷ್ಟು ಇಳಿಸಿದ್ದೀರಿ?"

"ನಾಲ್ಕು."

"ಪಿಯಾನೋ ಬೀಗ?"

"ನಾನೇ ಹಾಕಿದ್ದು."

"ನಾನು ಆ ಕಂಡಕ್ಟರಮ್ಮನಿಗೆ ಬೈದ್ನಲ್ಲ, ಅವತ್ತು?"

ಅವನು ನೆಲ ನೋಡಿದ. "ಮೂರು, ಅಕ್ಕಾ."

ಅವಳು ದಿಂಬಿನ ಚೀಲವೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಮೂರು ಇಳಿಸ್ಕೊಂಡು ನಾನು ಅವಳಿಗೆ ಹಾಗಂದೆ. ಅಂದಾಗ ನೀನು ಹಿಂದೇನೇ ನಿಂತಿದ್ದೆ. ಬಾಯಲ್ಲೇನು ಇಟ್ಕೊಂಡಿದ್ದೆ?"

"ಹೇಳಿದ್ರೆ ನೀವು ಹಾಡೋದೇ ಬಿಟ್ಟುಬಿಡ್ತಿದ್ರಿ ಅಂತ..."

"ಬಿಡ್ತಿದ್ದೆನೋ ಏನೋ. ಬಿಡೋದಾದ್ರೂ ಅದು ನಂದಲ್ವೇನೋ?"

ಅವಳು ದೊಡ್ಡ ಹಾಸಿಗೆ ಬಟ್ಟೆಯೊಂದನ್ನು ಕೊಡವಿ, "ಕಂಬದ ಹಾಗೆ ನಿಂತಿರ್ಬೇಡ, ಆ ತುದಿ ಹಿಡಿ" ಎಂದಳು. ಹಿಡಿದ. ಇಬ್ಬರೂ ಎಳೆದು, ಮಡಿಸಿ, ಹತ್ತಿರ ಬಂದು, ಅಂಚು ಕೂಡಿಸಿದರು. ಅವನು ಹಿಡಿದ ಕಡೆ ಕಪ್ಪು ಗ್ರೀಸಿನ ಐದು ಬೆರಳು ಮೂಡಿದ್ದವು.

"ಥೂ ನಿನ್ನ! ಮತ್ತೆ ಒಗೀಬೇಕು" ಎಂದು ಅದನ್ನು ಕಸಿದುಕೊಂಡು ಬಕೆಟ್ಟಿಗೆ ಹಾಕಿದಳು.

"ಭಾನುವಾರ ಬರ್ತೀರಾ ಅಕ್ಕಾ?"

"ಬಂದ್ರೆ ಕಾಣ್ತೀನಲ್ಲ, ಹೋಗು."

ಆ ವಾರ ಲಿಫ್ಟಣ್ಣನಿಗೆ ಸರಿಯಾಗಿ ಊಟ ಸೇರಲಿಲ್ಲ. "ಕಟ್ಕೊಂಡ ಹೆಂಡ್ತಿ ಮುನಿಸ್ಕೊಂಡ್ರೂ ಇಷ್ಟು ಸೊರಗಿರಲಿಲ್ಲ ನೀವು" ಎಂದಳು ಹೆಂಡತಿ. ಹಾಗೆಂದವಳೇ ಎರಡನೆಯ ಸಲ ಬಿಸಿ ಮಾಡಿ ಬಡಿಸಿದಳು.

ಭಾನುವಾರ ಮೂರೂವರೆಗೆ ದೊಡ್ಡಕ್ಕ ಬಂದಳು. ಅವಳು ನೇರವಾಗಿ ಸ್ಲೇಟಿನ ಬಳಿ ಹೋದಳು.

"ಆ ಕಂಡಕ್ಟರಮ್ಮನ ಬಸ್ಸು ಹುಡುಕಿ ಹತ್ತಿದ್ದೆ. ತಪ್ಪಾಯ್ತು ಕಣಮ್ಮಾ ಅಂದೆ. ಟಿಕೆಟ್ ಹರಿದು ಕೊಟ್ಲು, ಮುಖ ನೋಡ್ಲಿಲ್ಲ. ಅವಳು ಮಾಡಿದ್ದು ಸರಿ." ನಿಂತು ಉಸಿರು ತೆಗೆದುಕೊಂಡಳು. "ನನ್ನ ಹೆಸರು ಬರಿ. ಮುಂದೆ 'ಸಿ' ಅಂತ ಬರಿ, ದೊಡ್ಡದಾಗಿ. ನಿಮ್ಮ ಆ ಕಳ್ಳ ಟೀ ಬೇಡ. ತಂತಿ ಎಲ್ಲರಿಗೂ ಹೇಗಿರುತ್ತೋ ಹಾಗೇ ಇರ್ಲಿ."

ಅವಳ ಸರದಿ ಬಂತು. ಸಡಿಲಿಸದ ತಂತಿಯ ಮೇಲೆ 'ಸಿ' ನುಡಿಸಬೇಕು. ಲಿಫ್ಟಣ್ಣನಿಗೆ ಆಗ ಅರಿವಾಯಿತು: ಇಪ್ಪತ್ತನಾಲ್ಕು ವರ್ಷದಿಂದ ಈ ಹಾಡು ಅವನ ಬೆರಳಿನಲ್ಲಿ ಕೂತಿದ್ದದ್ದು 'ಇ' ಜಾಗದಲ್ಲಿ ಮಾತ್ರ. ಬೇರೆ ಜಾಗದಲ್ಲಿ ಅವನು ಅದನ್ನು ನುಡಿಸಿಯೇ ಇರಲಿಲ್ಲ. ಎರಡನೆಯ ಸಾಲಿಗೇ ಬೆರಳು ಹಳೆಯ 'ಇ' ಮನೆಗೆ ಓಡಿತು, ಹಾಡು ಮುಗ್ಗರಿಸಿ ನಿಂತಿತು.

ದೊಡ್ಡಕ್ಕ ತಿರುಗಿದಳು. "ಏನೋ, ಈಗ ನಿನಗೇನಾಯ್ತು?"

ಜನ ನಕ್ಕರು. ಅವನ ಮುಖ ಕೆಂಪಾಯಿತು. "ಒಂದ್ನಿಮಿಷ ಕೊಡಿ ಅಕ್ಕಾ. ಬೆರಳಿಗೆ ಜಾಗ ಸಿಗ್ತಿಲ್ಲ."

"ತಗೋ. ನನಗೇನು ಆತುರ?"

ಅವಳು ಮೈಕಿನ ಕಂಬ ಹಿಡಿದು ಕಾದಳು. ಲಿಫ್ಟಣ್ಣ ಬಗ್ಗಿ, ತನ್ನ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಬೇಸಿನ ಕತ್ತಿನ ಮೇಲೆ ಒಂದೊಂದೇ ಮನೆ ಎಣಿಸಿ ಬೆರಳಿಟ್ಟು ನೋಡಿದ. ಸಿಕ್ಕಿತು. ತಲೆಯಾಡಿಸಿದ. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು; ಮೇಲಿನ ಸ್ವರಕ್ಕೆ ಅವಳ ದನಿ ಕಷ್ಟಪಟ್ಟು ಹತ್ತಿತು, ಅಂಚಿನಲ್ಲಿ ಬಿರಿಯಿತು, ಎಲ್ಲರಿಗೂ ಕೇಳಿಸಿತು. ಚಪ್ಪಾಳೆ ಎಂದಿನಷ್ಟಿರಲಿಲ್ಲ.

ದೊಡ್ಡಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. "ಇನ್ನೊಂದು ಹಾಡು ಬಾಕಿ ಇದೆ. ಅದನ್ನ ಯಾವುದ್ರಲ್ಲಿ ಹಾಡೋಕಾಗುತ್ತೆ ನನ್ನ ಕೈಲಿ? ನಿಜ ಹೇಳು."

ಲಿಫ್ಟಣ್ಣ ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದ: "'ಸಿ' ಕೂಡ ಆಗಲ್ಲ ಅಕ್ಕಾ. ಇನ್ನೊಂದು ಮೆಟ್ಟಿಲು ಇಳೀಬೇಕು."

ಅವಳು ಸೆರಗು ಸಿಕ್ಕಿಸಿಕೊಂಡು ಮತ್ತೆ ಮೈಕಿನ ಕಡೆ ತಿರುಗಿದಳು.

"ಹೂಂ," ಎಂದಳು, "ನಡಿ ಹಾಗಾದ್ರೆ."