ಸೀಸೆ ಅಕ್ಕನ ಬುಕ್‌ಮಾರ್ಕುಗಳು

ನಮ್ಮ ವಿಷ ಮಾಹಿತಿ ಕೇಂದ್ರದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಸೀಸೆ ಅಕ್ಕ ಎಂದೇ ಕರೆಯುತ್ತೇವೆ. ಯಾರ ಮನೆಯಲ್ಲಿ ಯಾರು ಏನು ನುಂಗಿದರೂ ಫೋನೆತ್ತಿ ಅವಳು ಕೇಳುವ ಮೊದಲ ಮಾತು ಒಂದೇ: "ಸೀಸೆ ಹೇಗಿದೆ, ಹೇಳಿ." ಕೂಗಾಡುವವರು, ಅಳುವವರು, ಗಂಡನನ್ನು ಬೈಯುವವರು, ಎಲ್ಲರೂ ಆ ಮಾತಿಗೆ ಒಂದು ಗಳಿಗೆ ತಣ್ಣಗಾಗುತ್ತಾರೆ. ನಾನು ಅವಳ ಪಕ್ಕದ ಕುರ್ಚಿಯವಳು. ನನಗೆ ಬಾಯಿ ಜಾಸ್ತಿ, ತಾಳ್ಮೆ ಕಡಿಮೆ. ಅವಳಿಗೆ ಎರಡೂ ತಿರುಗುಮುರುಗು.

ಕೇಂದ್ರದ ದೊಡ್ಡ ಮಾಹಿತಿಕೋಶ ಇರುವುದು ರಾಸಾಯನಿಕಗಳ ಹೆಸರಿನಲ್ಲಿ. ಗಾಬರಿ ಬಿದ್ದವರ ಬಾಯಲ್ಲಿ ಅಂಥ ಹೆಸರು ಬರುತ್ತದೆಯೇ? ಅವರು "ಹಸಿರು ಮುಚ್ಚಳದ್ದು" ಎನ್ನುತ್ತಾರೆ, "ಬೀದೀಲಿ ಮಾರ್ಕೊಂಡು ಬರ್ತಾನಲ್ಲ, ಅವನದು" ಎನ್ನುತ್ತಾರೆ. ಲೇಬಲ್ಲಿಲ್ಲದ ಇಂಥ ಸರಕಿನ ಬಗ್ಗೆ ಯಾವ ಮೂಲೆಯ ಪ್ರಯೋಗಾಲಯ ಏನು ಪ್ರಕಟಿಸಿದರೂ ಅಕ್ಕ ಆ ಪುಟವನ್ನು ಬುಕ್‌ಮಾರ್ಕ್ ಮಾಡಿ, ಜನ ಆಡುವ ಮಾತನ್ನೇ ಅದಕ್ಕೆ ಹೆಸರಿಡುವಳು. ವರ್ಷಗಟ್ಟಲೆ ಹೀಗೆ ಕೂಡಿಹಾಕಿದ್ದಳು.

ಅವಳ ಮೇಜಿನ ಕಂಪ್ಯೂಟರಿನಲ್ಲಿ ಒಂದು ಬ್ರೌಸರ್, ನನ್ನದರಲ್ಲಿ ಇನ್ನೊಂದು, ಅವಳ ಮನೆಯ ಲ್ಯಾಪ್‌ಟಾಪಿನಲ್ಲಿ ಮತ್ತೊಂದು. ಮೂರರಲ್ಲೂ ಒಂದೇ ಪಟ್ಟಿ ಇರಲೆಂದು ಸಿಂಕ್ ಮಾಡುವ ಒಂದು ತಂತ್ರಾಂಶ ಹಾಕಿಕೊಂಡಳು. ಮೂರೂ ಪಟ್ಟಿ ಕಲೆತು, ಒಂದೊಂದು ಪುಟವೂ ಮೂರು ಮೂರು ಸಲ ಕಾಣತೊಡಗಿತು. ಮನೆಯಲ್ಲಿ ಚಮಚವೊಂದು ಜಾಗ ತಪ್ಪಿದರೂ ನಿದ್ದೆಗೆಡುವ ಹೆಂಗಸು ಅದನ್ನು ಸಹಿಸುವುದುಂಟೇ? ಒಂದು ದಿನ ಬೆಳಗ್ಗೆ ಬಂದವಳೇ ನನ್ನ ಕಂಪ್ಯೂಟರಿನ ಮುಂದೆ ಕೂತಳು. ಇಲ್ಲಿರುವುದು ಹೇಗೂ ನಕಲು, ಅಸಲು ತನ್ನ ಮೇಜಿನಲ್ಲಿದೆ ಎಂದುಕೊಂಡು ಇಡೀ ಫೋಲ್ಡರನ್ನೇ ಅಳಿಸಿದಳು. ಸಿಂಕ್‌ಗೆ ಅಸಲು ನಕಲು ಎಲ್ಲಿ ಗೊತ್ತು! ಒಂದು ಕಡೆ ಅಳಿಸಿದ್ದನ್ನು ಅದು ಎಲ್ಲ ಕಡೆಯೂ ಅಳಿಸುತ್ತದೆ. ಅದು ನಮಗೆ ತಿಳಿದದ್ದು ಅದೇ ದಿನ ಒಂದು ಫೋನ್ ಬಂದ ಮೇಲೆ.

ಆ ಕಡೆ ಒಬ್ಬ ಹೆಂಗಸು, ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಕಣ್ಣು ಮಂಜಾದ ಅವಳ ತಂದೆ ಔಷಧಿ ಎಂದುಕೊಂಡು ಬಟ್ಟೆಯ ಕಲೆ ತೆಗೆಯುವ ನೀರನ್ನು ಒಂದು ಗುಟುಕು ಕುಡಿದಿದ್ದರು.

"ಸೀಸೆ ಹೇಗಿದೆ, ಹೇಳಿ."

"ಚಪ್ಪಟೆ ಸೀಸೆ. ಕೆಂಪು ಬಿರಡೆ. ಚೀಟಿಗೀಟಿ ಏನಿಲ್ಲ. ತುಕ್ಕಿನ ಕಲೆ ಹೋಗುತ್ತೆ ಅಂತ ಬೀದೀಲಿ ತಗೊಂಡಿದ್ದು. ಅಪ್ಪ ನೋವೇ ಇಲ್ಲ ಅಂತಿದಾರೆ, ಸದ್ಯ."

ಅಕ್ಕನಿಗೆ ಹೆದರಿಕೆ ಹುಟ್ಟಿಸಿದ್ದು ಆ 'ನೋವೇ ಇಲ್ಲ' ಎಂಬ ಮಾತೇ. ಇಂಥ ನೀರಿನಲ್ಲಿ ಒಂದು ಬಗೆ ಬಾಯಿ ಗಂಟಲು ಸುಡುತ್ತದೆ. ಇನ್ನೊಂದು ಬಗೆ ಮೊದಲು ಸುಮ್ಮನಿದ್ದು, ಮೈಯೊಳಗಿನ ಕ್ಯಾಲ್ಸಿಯಂ ಎಳೆದುಕೊಂಡು ಹೃದಯಕ್ಕೇ ಕೈಹಾಕುತ್ತದೆ. ಕೆಂಪು ಬಿರಡೆಯದು ಯಾವುದು? ಅದನ್ನು ಪರೀಕ್ಷೆ ಮಾಡಿದವರ ಪುಟವನ್ನು ಅವಳು ಉಳಿಸಿಟ್ಟದ್ದಂತೂ ಖರೆ. ಫೋಲ್ಡರ್ ಹುಡುಕಿದಳು. ಇಲ್ಲ. ಬೆಳಗ್ಗೆ ತಾನೇ ಅಳಿಸಿದ್ದನ್ನೂ ಮರೆತು ನನ್ನ ಕಂಪ್ಯೂಟರಿನತ್ತ ಬಾಗಿ ನೋಡಿದಳು. ಅಲ್ಲೂ ಇಲ್ಲ.

ಇನ್ನೊಂದು ಫೋನಿನಲ್ಲಿ ಆಸ್ಪತ್ರೆಯ ಡಾಕ್ಟರು ನನ್ನ ಜೀವ ತಿನ್ನುತ್ತಿದ್ದರು. "ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ ಕಣಮ್ಮ. ಊಹೆ ಮೇಲೆ ಇಂಜೆಕ್ಷನ್ ಕೊಡೋಕಾಗಲ್ಲ. ಬೇಗ ಹೇಳಿ."

ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಾಬೂನಿನ ಜಾಹೀರಾತುಗಳು ಸಾಲುಗಟ್ಟಿ ಬಂದವು. ನನಗೆ ಕಂಪ್ಯೂಟರನ್ನು ಎತ್ತಿ ಕುಕ್ಕಬೇಕೆನ್ನುವಷ್ಟು ಸಿಟ್ಟು ಬಂತು.

"ಮನೆ ಲ್ಯಾಪ್‌ಟಾಪ್," ಎಂದಳು ಅಕ್ಕ. "ನಿನ್ನೆಯಿಂದ ಮುಚ್ಚೇ ಇದೆ. ಅಳಿಸಿದ ಸುದ್ದಿ ಅದಕ್ಕಿನ್ನೂ ತಲುಪಿಲ್ಲ."

ತೆರೆದರೆ ತಲುಪುತ್ತದೆ, ಪಟ್ಟಿ ಅಲ್ಲೂ ಅಳಿಯುತ್ತದೆ. ಮೊದಲು ಮನೆಯ ವೈಫೈ ಆರಿಸಬೇಕು. ಮನೆಯಲ್ಲಿರುವುದು ಅಕ್ಕನ ಗಂಡ, ನಮಗೆಲ್ಲ ಭಾವ. ಡ್ರೈವಿಂಗ್ ಶಾಲೆಯ ಮೇಷ್ಟ್ರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಿದ್ದುಕೊಂಡಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಯಾರ ಮಾತನ್ನೂ ಪೂರ್ತಿ ಕೇಳಿದ ದಾಖಲೆ ಇಲ್ಲ.

ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದಳು. "ರೀ, ಲ್ಯಾಪ್‌ಟಾಪ್ ಎಲ್ಲಿದೆ?"

"ಇಲ್ಲೇ ತೊಡೆ ಮೇಲಿದೆ. ಹೊತ್ತೇ ಹೋಗ್ತಿರಲಿಲ್ಲ, ಏನಾದ್ರೂ ನೋಡೋಣ ಅಂತ ತೆಗೀತಿದ್ದೆ..."

"ತೆಗೀಬೇಡಿ!"

ಇಡೀ ಕಚೇರಿ ತಿರುಗಿ ನೋಡಿತು. ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮೊದಲು ರೌಟರ್ ಆಫ್ ಮಾಡ್ಬೇಕು. ಆದರೆ ಅದಕ್ಕೆ ಮುಂಚೆ..."

"ರೌಟರ್ ತಾನೆ? ಗೊತ್ತಾಯ್ತು ಬಿಡೇ, ಈಗಲೇ ಕಿತ್ತುಹಾಕ್ತೀನಿ."

ಅವರ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಫೋನ್ ನಡೆಯುವುದೂ ಅದೇ ವೈಫೈ ಮೇಲೆ. ರೌಟರ್ ಆರಿದರೆ ಮಾತೂ ಆರುತ್ತದೆ. ನಾನು ಫೋನಿಗೆ ಬಾಯಿ ಹಾಕಿ ಕಿರುಚಿದೆ: "ಭಾವ, ಒಂದು ಪ್ರಾಣದ ಪ್ರಶ್ನೆ! ಬಾಯಿ ಮುಚ್ಕೊಂಡು ಪೂರ್ತಿ ಕೇಳಿ!"

ಅಕ್ಕ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಪ್ಲಗ್ ಕಿತ್ತ ಮೇಲೆ ಲ್ಯಾಪ್‌ಟಾಪ್ ತೆಗೀರಿ. ನನ್ನ ಬುಕ್‌ಮಾರ್ಕ್‌ನಲ್ಲಿ 'ಕೆಂಪು ಬಿರಡೆ' ಅಂತ ಇದೆ. ನೆಟ್ ಇಲ್ಲದೆ ಪುಟ ತೆರೆಯಲ್ಲ, ಆದರೆ ಅದರ ವಿಳಾಸ ಕಾಣುತ್ತೆ. ಅದನ್ನ ಅಕ್ಷರ ಬಿಡದೆ ಬರ್ಕೊಂಡು, ಬಾಲ್ಕನಿಗೆ ಹೋಗಿ ಫೋನ್ ಮಾಡಿ. ಅಲ್ಲಿ ಸಿಗ್ನಲ್ ಸಿಗುತ್ತೆ."

"ಆಯ್ತು," ಎಂದರು ಭಾವ. ಅಷ್ಟೇ. ಊರುಗೋಲಿನ ಟಕಟಕ ಕೇಳಿಸಿತು, ಆಮೇಲೆ ಫೋನ್ ಸತ್ತುಹೋಯಿತು.

ಕಾದೆವು. ರೌಟರ್ ಇರುವುದು ಬೀರುವಿನ ಮೇಲೆ. ಒಂಟಿಗಾಲಿನ ಮನುಷ್ಯ ಹೇಗೆ ಹತ್ತಿಯಾನು? ಬಿದ್ದರೆ? ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಡಾಕ್ಟರ ದನಿ ಈಗ ಮೆತ್ತಗಾಗಿತ್ತು, ಅದು ಇನ್ನೂ ಹೆದರಿಸಿತು. "ಇಸಿಜಿ ಏರುಪೇರಾಗ್ತಿದೆ," ಎಂದರು.

ಫೋನ್ ಬಡಿದುಕೊಂಡಿತು. ಭಾವ ಏದುಸಿರು ಬಿಡುತ್ತಿದ್ದರು. ಗಾಡಿಗಳ ನಂಬರ್ ಓದಿ ಓದಿ ಪಳಗಿದ ಬಾಯಿ, ಇಂಗ್ಲಿಷಿನ ಒಂದೊಂದೇ ಅಕ್ಷರ ಹೇಳಿದರು. ಅಕ್ಕ ಟೈಪ್ ಮಾಡಿದಳು. ಉದ್ದಕ್ಕೂ ಅಂಕಿ, ಅಕ್ಷರ, ಗೀಟು. ಒತ್ತಿದಳು. 'ಈ ಪುಟ ಸಿಗಲಿಲ್ಲ' ಎಂದಿತು.

"ಮತ್ತೆ ಓದಿ. ಮೊದಲಿಂದ."

"ಡಿ..."

"ಬಿ ನಾ, ಡಿ ನಾ?"

"ಡಿ ಕಣೇ, ಡಬ್ಬದ ಡಿ! ಬಸ್ಸಿನ ಬಿ ಅಲ್ಲ!"

ಅಕ್ಕ ಹಾಕಿದ್ದು ಬಿ. ತಿದ್ದಿದಳು. ಪುಟ ನಿಧಾನಕ್ಕೆ ತೆರೆಯಿತು. ಮೊದಲು ಚಪ್ಪಟೆ ಸೀಸೆಯ ಚಿತ್ರ, ಕೆಂಪು ಬಿರಡೆ, ಕೆಳಗೆ ಪರೀಕ್ಷೆಯ ಫಲಿತಾಂಶ. ಹೃದಯಕ್ಕೆ ಕೈಹಾಕುವ ಬಗೆಯೇ. ನಾನು ಡಾಕ್ಟರಿಗೆ ಓದಿ ಹೇಳಿದೆ. ಕೇಳಿ ಮುಗಿಯುವ ಮೊದಲೇ ಅವರು ಪಕ್ಕಕ್ಕೆ ತಿರುಗಿ ಕೂಗಿದರು, "ಸಿಸ್ಟರ್, ಕ್ಯಾಲ್ಸಿಯಂ! ಬೇಗ!" ಫೋನ್ ಇಟ್ಟುಬಿಟ್ಟರು.

ಅಕ್ಕ ಗಂಡನಿಗೆ, ತಾನು ಬಂದು ಪಟ್ಟಿ ಬರೆದುಕೊಳ್ಳುವವರೆಗೆ ರೌಟರ್ ಮುಟ್ಟಬೇಡಿ ಎಂದು ಹೇಳಿ, ಮುಂದಿನ ಕರೆ ಎತ್ತಿಕೊಂಡಳು. ಯಾರದೋ ಬೆಕ್ಕು ನುಸಿಗುಳಿಗೆ ನೆಕ್ಕಿತ್ತಂತೆ. ಅದೇ ತಣ್ಣನೆ ದನಿಯಲ್ಲಿ ವಿಚಾರಿಸಿದಳು. ಮಧ್ಯಾಹ್ನ ಕಳೆಯಿತು. ಊಟದ ಡಬ್ಬಿ ಬಿಚ್ಚಿದವಳು ಹಾಗೇ ಮುಚ್ಚಿಟ್ಟೆ. ಫೋನ್ ಬಡಿದಾಗಲೆಲ್ಲ ಆಸ್ಪತ್ರೆಯದೇ ಎಂದು ಹಾರಿ ಎತ್ತುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಬಂದ ಕರೆಯನ್ನು ಎತ್ತಿದ್ದು ಅಕ್ಕ. ಅದೇ ಹೆಂಗಸು.

"ಮೇಡಂ, ಡಾಕ್ಟರ್ ಇನ್ನೇನೂ ಭಯ ಇಲ್ಲ ಅಂದ್ರು. ಅಪ್ಪ ನೀರು ಕೇಳ್ತಿದಾರೆ. ಕೊಡಬಹುದಾ?"

ಅಕ್ಕ ಉತ್ತರ ಹೇಳಲು ಬಾಯಿ ತೆರೆದಳು. ಗಳಗಳ ಅಳು ಬಂದುಬಿಟ್ಟಿತು. "ಮೇಡಂ? ಕೊಡಬಹುದಾ?" ಎಂದು ಆ ಹೆಂಗಸು ಕೇಳುತ್ತಲೇ ಇದ್ದಳು. ನಾನು ಅಕ್ಕನ ಕೈಯಿಂದ ಫೋನ್ ತೆಗೆದುಕೊಂಡೆ.

"ಡಾಕ್ಟರನ್ನ ಕೇಳಿ ಕೊಡಮ್ಮ," ಎಂದೆ. "ನಿಧಾನಕ್ಕೆ ಕೊಡು."