ಸಡಿಲ ಉಡುಪು

ತೆಂಗಿನಕಾಯಿ ಸುಲಿಯುವ ನನ್ನ ಯಂತ್ರಕ್ಕೆ ಪುಸ್ತಕ ಬೇಕಂತೆ. ಪಾಣೆಮಂಗಳೂರಿನ ಕೃಷಿ ಸಾಮಾನಿನ ಅಂಗಡಿಯವರು, ಗಲ್ಫಿನಲ್ಲಿ ದುಡಿದು ಬಂದ ಬ್ಯಾರಿ, ಮುಖಕ್ಕೇ ಹೇಳಿಬಿಟ್ಟರು.

"ಅಲ್ಲಿ ಮಿಕ್ಸಿಗೂ ಪುಸ್ತಕ ಉಂಟು ಮಾರಾಯ್ರೇ. ನಾನು ಓದಿ ಓಡಿಸ್ತೇನೆ, ನೀವು ಬಾಯಿ ಮುಚ್ಚಿ ಕೂತುಕೊಳ್ಳಿ. ಓಡಿದ್ರೆ ಅಂಗಡಿಯಲ್ಲಿ ಇಡುವ. ಇಲ್ಲದಿದ್ರೆ ತಕೊಂಡು ಹೋಗಿ."

ಮೂಡುಬಿದಿರೆ, ಅಳದಂಗಡಿ ಕಡೆ ಓಡುತ್ತಿರುವ ನನ್ನ ಯಂತ್ರಗಳನ್ನೆಲ್ಲ ನಾನೇ ಹೋಗಿ, ಪಕ್ಕದಲ್ಲಿ ನಿಂತು, ಬೈದು ಕಲಿಸಿಕೊಟ್ಟಿದ್ದೇನೆ. ನಾನು ಹೋಗದ ಊರಿಗೂ ಅದು ಹೋಗಬೇಕಾದರೆ ಅಂಗಡಿ ಸೇರಲೇಬೇಕು. ಏಳನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದವನು ನಾನು. ವೆಲ್ಡಿಂಗಿನ ಹೊಗೆಯಲ್ಲಿ ಕಲಿತದ್ದೇ ವಿದ್ಯೆ, ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಆದರೆ ಪುಸ್ತಕ!

"ಹೋಯ್, ನೀವು ಹೇಳಿ ಸಾಕು, ಇದು ಬರೀತದೆ" ಎಂದು ಹೆಂಡತಿ ಮೊಬೈಲಿನ ಎಐ ತೆರೆದುಕೊಟ್ಟಳು.

ನಾನು ಹೇಳಿದೆ, ಅದು ಬರೆಯಿತು. ಎಂಥ ಕನ್ನಡ! ಸನ್ಮಾನಪತ್ರ ಓದಿದ ಹಾಗೆ. 'ತೊಂದರೆಯಾದಲ್ಲಿ ನಮ್ಮ ಗ್ರಾಹಕ ಸೇವಾ ಕೇಂದ್ರವನ್ನು ಸಂಪರ್ಕಿಸಿ' ಎಂದೂ ಇತ್ತು. ಸೇವಾ ಕೇಂದ್ರ ಆಗ ಒಲೆಯ ಎದುರು ಬಂಗುಡೆ ಮೀನು ಹುರಿಯುತ್ತಿತ್ತು. ಬಟ್ಟೆ ಜಾಗ್ರತೆ ಎಂದು ನಾನು ಹೇಳಿದ್ದನ್ನು 'ಯಂತ್ರದ ಬಳಿ ಸಡಿಲ ಉಡುಪು ಧರಿಸಬಾರದು' ಎಂದು ಮಾಡಿತ್ತು. ಗತ್ತಾಗಿದೆ ಅನ್ನಿಸಿ ಬಂಟ್ವಾಳದಲ್ಲಿ ಪ್ರಿಂಟ್ ಹಾಕಿಸಿದೆ.

ಅಂಗಡಿಯವರು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ, ತಲೆಯಾಡಿಸಿ, ಸ್ವಿಚ್ ಒತ್ತಿದರು. ಆಮೇಲೆ ಪಾದದವರೆಗೆ ಇಳಿದಿದ್ದ ಲುಂಗಿಯಲ್ಲೇ ತಿರುಗುವ ಹಲ್ಲಿನ ರೋಲರುಗಳ ಹತ್ತಿರ ಹೋದರು. ನಾನು ಹಾರಿ ಹೋಗಿ ಸ್ವಿಚ್ ಆಫ್ ಮಾಡಿದೆ.

"ಕೂತಲ್ಲಿಂದ ಎದ್ರಿ, ನೀವು ಸೋತ್ರಿ" ಎಂದರು.

"ಸಾಹುಕಾರ್ರೇ, ಲುಂಗಿ! ಸಡಿಲ ಉಡುಪು ಬೇಡ ಅಂತ ಈಗಷ್ಟೇ ಓದಿದ್ದೀರಲ್ವಾ?"

"ಅದು ಲುಂಗಿಗೆ ಹೇಳಿದ್ದಾ? ಲುಂಗಿಗೆ ಉಡುಪು ಅಂತ ಯಾರು ಹೇಳ್ತಾರೆ ಮಾರಾಯ್ರೇ? ಮತ್ತೆ ನಾನು ಇದನ್ನು ಬಿಗಿಯಾಗಿಯೇ ಕಟ್ಟಿದ್ದೇನೆ."

ಅವರ ಕಾಲು ಉಳಿಯಿತು, ನನ್ನ ಪುಸ್ತಕ ಉಳಿಯಲಿಲ್ಲ. ಇನ್ನೊಂದು ಸಲ ಬನ್ನಿ ಎಂದರು, ದೊಡ್ಡ ಮನಸ್ಸು.

ಮನೆಗೆ ಬಂದು ಎಐಗೆ ಲುಂಗಿ ಎಂದೇ ಹೇಳಿದೆ. ಅದು 'ಸಾಂಪ್ರದಾಯಿಕ ಉಡುಪು' ಎಂದು ತಿದ್ದಿ, ಕೈಪಿಡಿಗೆ ಇದೇ ಹೆಚ್ಚು ಸೂಕ್ತ ಎಂದಿತು.

"ಯಾರಿಗೆ ಸೂಕ್ತ? ರೋಲರಿಗಾ?" ಎಂದು ಕೂಗಿದೆ.

"ಅದು ಲುಂಗಿ ಉಟ್ಟದ್ದುಂಟಾ? ಯಾಕೆ ಪಾಪದ್ದಕ್ಕೆ ಬೈತೀರಿ?" ಎಂದಳು ಹೆಂಡತಿ. "ಗಿರಾಕಿಗಳಿಗೆ ಬೈತೀರಲ್ಲ, ಅದನ್ನೇ ಹೇಳಿ."

ಹೇಳಿದೆ, ಒಂದನ್ನೂ ಬಿಡದೆ. ಅದು ಬೈಗುಳ ಸೋಸಿ ವಿಷಯ ಉಳಿಸಿಕೊಂಡಿತು. ಮೇಲಿಂದ ಒಂದು ಪ್ರಶ್ನೆ ಕೇಳಿತು: ಮಹಿಳೆಯರು ಬಳಸುವಾಗ ಸೀರೆಯ ಸೆರಗಿನ ಬಗ್ಗೆ ಎಚ್ಚರಿಕೆ ಸೇರಿಸಬೇಕೇ?

"ನೋಡಿ" ಎಂದಳು ಹೆಂಡತಿ, "ನಿಮಗೆ ನೆನಪಾಗದ ಸೆರಗು ಅದಕ್ಕೆ ನೆನಪಾಯ್ತು."

ಮತ್ತೆ ಅಂಗಡಿ. ಅವರು ಓದಿದರು: 'ಲುಂಗಿಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ. ಹೆಗಲಿನ ಬೈರಾಸು (ಟವೆಲ್) ತೆಗೆದಿಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ.' ಬಗ್ಗಿ ನೋಡಿಕೊಂಡು ಲುಂಗಿ ಎತ್ತಿ ಕಟ್ಟಿದರು. ಬೈರಾಸನ್ನು ಕುರ್ಚಿಗೆ ಎಸೆದರು. "ಸೆರಗು ನನಗಿಲ್ಲ" ಎಂದು ನನ್ನನ್ನು ನೋಡಿದರು. ನಾನು ತುಟಿ ಕಚ್ಚಿ ಕೂತಿದ್ದೆ. ಸ್ವಿಚ್ ಒತ್ತಿ ಕಾಯಿ ಇಟ್ಟರು. ಸಿಪ್ಪೆ ಕರಕರ ಎಂದು ಕೆಳಗೆ ಹೋಯಿತು, ಬೋಳು ಕಾಯಿ ಕೈಗೆ ಬಂತು. ಅದನ್ನು ಎರಡು ಸಲ ತಿರುಗಿಸಿ ನೋಡಿದರು.

"ಆ ಸ್ಪ್ರೇಯರುಗಳನ್ನು ಸ್ವಲ್ಪ ಆಚೆ ಸರಿಸಿ ಮಾರಾಯ್ರೇ" ಎಂದರು, "ಇದು ಎದುರಿಗೇ ಇರಲಿ."