ಪೇಪರಿನವರು ಕೂಗಿದ ಮೊಸಳೆ

ಕೂಗುವಾಗ ಅವರ ಕತ್ತಿನ ಎಡಮಗ್ಗುಲ ನರ ಹೆಬ್ಬೆರಳಿನಷ್ಟು ದಪ್ಪಕ್ಕೆ ಉಬ್ಬಿ ನಿಲ್ಲುತ್ತಿತ್ತು. ಬಸ್ಸಿನ ಕಿಟಕಿ ಪಕ್ಕ ಕೂತ ನನಗೆ ಮೊದಲು ಕಾಣುತ್ತಿದ್ದುದು ಆ ನರ, ಆಮೇಲೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಆಮೇಲೆ ಎಡತೋಳಿನ ಮೇಲೆ ಒಪ್ಪವಾಗಿ ಜೋಡಿಸಿಕೊಂಡ ಪತ್ರಿಕೆಗಳು. ದನಿ ಮಾತ್ರ ಇವೆಲ್ಲಕ್ಕಿಂತ ಮುಂಚೆಯೇ ಬಂದು ಕಿವಿಗೆ ಬಡಿದಿರುತ್ತಿತ್ತು. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಮಾರುತ್ತಿದ್ದ ಅವರನ್ನು ನಾವೆಲ್ಲ ಪೇಪರಿನವರು ಎಂದೇ ಕರೆಯುತ್ತಿದ್ದೆವು.

ತೊಂಬತ್ತರ ದಶಕ ಅದು. ನನಗೆ ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಕೆಲಸ ಸಿಕ್ಕಿತ್ತು, ಮನೆ ನಂಜನಗೂಡಿನಲ್ಲೇ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಕಪ್ಪು ಬಿಳುಪಿನ ವಾರಪತ್ರಿಕೆಗಳು ಊರೂರನ್ನೂ ಕುಣಿಸುತ್ತಿದ್ದ ಕಾಲವೂ ಅದೇ. ಯಾವ ರಾಜಕಾರಣಿಯ ಯಾವ ಮನೆ, ಯಾವ ನಟಿಯ ಯಾವ ಕಣ್ಣೀರು, ಯಾವ ಬಾವಿಯಲ್ಲಿ ಯಾರ ಹೆಣ, ಎಲ್ಲವೂ ಅಂಗೈ ಅಗಲದ ಅಕ್ಷರಗಳಲ್ಲಿ. ಪೇಪರಿನವರು ದಿನಪತ್ರಿಕೆಯನ್ನು ಊಟ ಎನ್ನುತ್ತಿದ್ದರು, ವಾರಪತ್ರಿಕೆಯನ್ನು ಉಪ್ಪಿನಕಾಯಿ ಎನ್ನುತ್ತಿದ್ದರು. "ಊಟನಾದ್ರೂ ಬುಟ್ಟಾರು ಮೇಡಮ್ಮೋರೆ, ಉಪ್ಪಿನಕಾಯಿ ಬುಡಾಕಿಲ್ಲ" ಎಂದು ನಗುತ್ತಿದ್ದರು. ತಲೆಬರಹದ ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ತೋರಿಸಿ, "ಈ ಕೊಕ್ಕೆ ನೋಡಿ. ಇದೊಂದು ಇದ್ರೆ ಯಾರ್ ಮೇಲೆ ಏನ್ ಬೇಕಾದ್ರೂ ಬರೀಬೋದು. ನಾವ್ ಹೇಳ್ಲಿಲ್ಲ, ಕೇಳಿದ್ವಿ ಅಷ್ಟೇ!" ಎಂದು ನನಗೆ ಪತ್ರಿಕೋದ್ಯಮದ ಮೊದಲ ಪಾಠ ಹೇಳಿಕೊಟ್ಟವರೂ ಅವರೇ.

ನಮ್ಮೂರಿನ ಗೌರವಸ್ಥರ ಗುಟ್ಟೆಲ್ಲ ಅವರ ಕಂಕುಳಲ್ಲಿತ್ತು. ಮೇಷ್ಟರು, ಗುಮಾಸ್ತರು, ಅರ್ಚಕರು ಯಾರೇ ಬಂದು ದಿನಪತ್ರಿಕೆ ಕೇಳಿದರೂ ದನಿ ತಗ್ಗಿಸಿ, "ಒಳಗಿಟ್ಟು ಕೊಡ್ಲಾ?" ಎನ್ನುತ್ತಿದ್ದರು. ಗಿರಾಕಿ ಆಕಾಶ ನೋಡುತ್ತಾ ತಲೆಯಾಡಿಸಿದರೆ ಊಟದ ಮಡಿಕೆಯೊಳಗೆ ಉಪ್ಪಿನಕಾಯಿ ಸದ್ದಿಲ್ಲದೆ ಸೇರಿಕೊಳ್ಳುತ್ತಿತ್ತು. ನಾನೂ ಆಕಾಶ ನೋಡಿದವಳೇ. ನರಸೀಪುರ ಬರುವಷ್ಟರಲ್ಲಿ ಓದಿ ಮುಗಿಸಿ, ಮಹಿಳೆಯರ ಸೀಟಿನ ಉದ್ದಕ್ಕೂ ಹಂಚಿ, ಕೈ ಒರೆಸಿಕೊಂಡು ಇಳಿದು ಶಿಸ್ತಿನ ಬಗ್ಗೆ ಪಾಠ ಮಾಡುತ್ತಿದ್ದೆ.

ಪಾಠ ಅಂದೆನಲ್ಲ, ಮೊದಲ ತಿಂಗಳು ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನದು ಹುಟ್ಟಾ ಸಣ್ಣ ದನಿ. ಹಿಂದಿನ ಬೆಂಚುಗಳಲ್ಲಿ ಸಂತೆ. ಒಂದು ಬೆಳಿಗ್ಗೆ ಕಣ್ಣು ಕೆಂಪಾಗಿಸಿಕೊಂಡು ಬಸ್ಸಿನಲ್ಲಿ ಕೂತಿದ್ದ ನನ್ನನ್ನು ವಿಚಾರಿಸಿ, ವಿಷಯ ಗೊತ್ತಾದ ಮೇಲೆ ಪೇಪರಿನವರು ಕಿಟಕಿಗೆ ಕೈಯೂರಿ ಹೇಳಿದರು: "ಮುಂದಿನೋರ ಮುಖ ನೋಡ್ಕಂಡು ಮಾತಾಡ್ತೀರ, ಅದ್ಕೇ ಹಂಗೆ. ನಾನು ಬಸ್ಸಿನ ಕೊನೇ ಸೀಟ್ನೋನ್ಗೆ ಕೂಗ್ತೀನಿ. ಮಿಕ್ಕೋರು ತಾವಾಗೇ ಕೇಳ್ಸ್ಕತಾರೆ." ಆವತ್ತು ಕೊನೆಯ ಬೆಂಚಿನ ಹುಡುಗನನ್ನು ನೋಡಿಕೊಂಡು ಗುರುತ್ವಾಕರ್ಷಣೆ ಹೇಳಿದೆ. ಹೆಡ್‌ಮಾಸ್ಟರು ಗಾಬರಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

ಅವರ ಕಸುಬಿನ ನಿಜವಾದ ಚಮತ್ಕಾರ ಇದ್ದುದು ಬೇರೆ ಕಡೆ. ಕವಲಂದೆ ಬಸ್ಸಿನ ಹತ್ತಿರ ಹೋಗಿ, "ಕವಲಂದೇಲಿ ಏನಾಯ್ತು ಗೊತ್ತಾ?" ಎಂದು ಕೂಗುತ್ತಿದ್ದರು. ಅದೇ ಪತ್ರಿಕೆ ಹಿಡಿದು ಬಿಳಿಗೆರೆ ಬಸ್ಸಿಗೆ ಬಂದರೆ, "ಬಿಳಿಗೆರೇಲಿ ಏನಾಯ್ತು ಗೊತ್ತಾ?" ಎನ್ನುತ್ತಿದ್ದರು. ಕೊಂಡವರು ಪುಟ ತಿರುವಿ ತಿರುವಿ ಹುಡುಕುವಷ್ಟರಲ್ಲಿ ಬಸ್ಸು ಊರು ದಾಟಿರುತ್ತಿತ್ತು. ಮಾರನೆಯ ದಿನ ಜಗಳಕ್ಕೆ ಬಂದವರಿಗೆ, "ಏನಾಯ್ತು ಗೊತ್ತಾ ಅಂತ ನಾನೇ ನಿಮ್ಮನ್ನ ಕೇಳ್ದೆ ಕಣಣ್ಣಾ. ನಂಗೇನ್ ಗೊತ್ತು?" ಎಂದು ಅವರೂ ಕೊಕ್ಕೆ ತೋರಿಸುತ್ತಿದ್ದರು. ಬೈಯಲು ಬಂದವರೇ ನಕ್ಕು ಇನ್ನೊಂದು ಪತ್ರಿಕೆ ಕೊಂಡು ಹೋಗುತ್ತಿದ್ದರು.

ಒಂದು ವಾರ ಪತ್ರಿಕೆಯಲ್ಲಿ ಮೊಸಳೆ ಬಂತು. ಎಲ್ಲೋ ಮೇಲಿನ ಅಣೆಕಟ್ಟೆಯ ಹಿನ್ನೀರಿನಲ್ಲಿ ಮರಿ ಮೊಸಳೆಯೊಂದು ಬಿಸಿಲಿಗೆ ಮೈ ಕಾಯಿಸುತ್ತಿತ್ತಂತೆ. ಪತ್ರಿಕೆ ಅದಕ್ಕೆ "ನರಭಕ್ಷಕನ ರಕ್ತದಾಹ?" ಎಂದು ಹೆಸರಿಟ್ಟಿತ್ತು. ಪೇಪರಿನವರು ಅಷ್ಟಕ್ಕೇ ಬಿಡುತ್ತಾರೆಯೇ? ನಮ್ಮ ಬಸ್ಸಿನ ಕಿಟಕಿಗೆ ಬಂದು, "ನರಸೀಪುರದ ಸಂಗಮದಲ್ಲಿ ನರಭಕ್ಷಕ!" ಎಂದರು. ಕೊಕ್ಕೆಯನ್ನೂ ಮರೆತಿದ್ದರು. ಪತ್ರಿಕೆ ಬಿಸಿ ಬಿಸಿ ವಡೆಯ ಹಾಗೆ ಖರ್ಚಾಯಿತು. ಮಧ್ಯಾಹ್ನದ ಹೊತ್ತಿಗೆ ಮೊಸಳೆ ನಮಗಿಂತ ಮುಂದೆ ಹೋಗಿ ನರಸೀಪುರದ ಬೀದಿಗಳಲ್ಲೆಲ್ಲ ಓಡಾಡುತ್ತಿತ್ತು. ಅದು ಹಸು ನುಂಗಿದ್ದನ್ನು ಕಣ್ಣಾರೆ ಕಂಡವರು ಸ್ಟಾಫ್ ರೂಮಿನಲ್ಲೇ ಸಿಕ್ಕರು.

ಕಾವೇರಿ, ಕಪಿಲೆ ಕೂಡುವ ಆ ಜಾಗದಲ್ಲಿ ಜನ ಈಚೆ ದಡದ ದೇವಸ್ಥಾನದಿಂದ ಆಚೆ ದಡದ ದೇವಸ್ಥಾನಕ್ಕೆ ತೆಪ್ಪದಲ್ಲಿ ದಾಟುತ್ತಾರೆ. ತೆಪ್ಪ ಹಾಕುವವರೊಬ್ಬರ ಮಗಳು ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು, ಜಗಳದಲ್ಲಿ ಇನ್ನೂ ಚುರುಕು. ಆ ಹುಡುಗಿ ಕೆಲವು ದಿನ ಕಾಣಲಿಲ್ಲ. ಆಮೇಲೆ ಅವಳಪ್ಪನೇ ಬಂದು ಬಾಗಿಲಲ್ಲಿ ನಿಂತು ಟಿ.ಸಿ. ಕೇಳಿದ.

"ಯಾರೂ ತೆಪ್ಪ ಅತ್ತಾಕಿಲ್ಲ ಮೇಡಮ್ಮೋರೆ. ಮೊಸಳೆ ಅದೆ ಅಂತರೆ. ನಾನ್ ಉಟ್ದಾಗಿಂದ ಒಂದ್ನೂ ಕಂಡಿಲ್ಲ. ಮೈಸೂರ್ಗೆ ಗಾರೆ ಕೆಲ್ಸಕ್ಕೆ ಒಂಟಿವಿ, ಮನೆಮಂದಿ ಎಲ್ಲಾ."

"ಇವಳ ಓದು?"

"ಇವ್ಳೂ ಕಲ್ಲು ಒರ್ತಾಳೆ, ಇನ್ನೇನ್ ಮಾಡಾದು."

ಬರುವ ಸೋಮವಾರದವರೆಗೆ ತಡೆಯಪ್ಪಾ ಎಂದು ಬೇಡಿಕೊಂಡೆ. ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಅವರೇ ಕಲಿಸಿದ ದನಿಯಲ್ಲಿ ಪೇಪರಿನವರಿಗೆ ಎಲ್ಲವನ್ನೂ ಹೇಳಿದೆ. ನನಗೆ ವಿಪರೀತ ಸಿಟ್ಟು ಬಂದಿತ್ತು. ಅವರು ತೋಳಿನ ಮೇಲಿನ ಪತ್ರಿಕೆಗಳನ್ನು ಕೆಳಗಿಟ್ಟರು. ಕತ್ತಿನ ನರ ಇಳಿದು ಹೋಗಿತ್ತು. "ಯಾವ ಕ್ಲಾಸು ಅಂದ್ರಿ?" ಎಂದಷ್ಟೇ ಕೇಳಿದರು.

ಆವತ್ತಿನಿಂದಲೇ ನಮ್ಮ ಬಸ್ಸಿಗೆ, "ಸಂಗಮದಲ್ಲಿ ಮೊಸಳೆ ಇಲ್ಲ!" ಎಂದು ಕೂಗತೊಡಗಿದರು. ಒಂದು ಪತ್ರಿಕೆಯೂ ಹೋಗಲಿಲ್ಲ. ಮೇಲಾಗಿ ನನ್ನ ಪಕ್ಕದ ಹೆಂಗಸು, "ಇಲ್ಲ ಅಂತ ಇಷ್ಟೊಂದು ಬಡ್ಕೊತಾವ್ರೆ ಅಂದ್ರೆ ಏನೋ ಅದೆ ಕಣಮ್ಮಾ. ಮುಚ್ಚಾಕ್ತಾವ್ರೆ" ಎಂದಳು. ಮೊಸಳೆ ಒಂದಿದ್ದದ್ದು ಎರಡಾಯಿತು.

ಶುಕ್ರವಾರ ಪೇಪರಿನವರು ಕಿಟಕಿಗೆ ಬಂದು, "ಬರೀ ಇಲ್ಲ ಅನ್ನೋದನ್ನ ಯಾರ್ ಕೊಳ್ತಾರೆ ಮೇಡಮ್ಮೋರೆ? ಇಲ್ಲ ಅನ್ನೋದನ್ನೂ ಅದೆ ಅನ್ನಂಗೇ ಮಾರ್ಬೇಕು" ಎಂದರು. ಶನಿವಾರ ನರ ಮತ್ತೆ ಉಬ್ಬಿತು. "ನಾಳೆ! ನರಸೀಪುರದ ಸಂಗಮದಲ್ಲಿ! ನರಭಕ್ಷಕನ ಬಾಯಿಗೆ ನಂಜನಗೂಡಿನ ಪೇಪರಿನವ! ಬದುಕ್ತಾನಾ? ಸಾಯ್ತಾನಾ?" ಕವಲಂದೆ ಬಸ್ಸಿಗೂ ಅದೇ, ಬಿಳಿಗೆರೆ ಬಸ್ಸಿಗೂ ಅದೇ. ಮೊದಲ ಸಲ ಎಲ್ಲ ಬಸ್ಸಿಗೂ ಒಂದೇ ಸುದ್ದಿ.

ಭಾನುವಾರ ಹೋಗಿ ನೋಡಿದರೆ ಸಂಗಮದ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಕಡ್ಲೆಕಾಯಿ ಮಾರುವವರೂ ಬಂದಿದ್ದರು. ಪೇಪರಿನವರಿಗೆ ಈಜು ಬಾರದು, ನೀರೆಂದರೆ ಪ್ರಾಣಭಯ. ಕಪಿಲೆಯ ದಡದಲ್ಲೇ ಹುಟ್ಟಿಯೂ ಸ್ನಾನಕ್ಕೆ ಚೊಂಬು ಒಯ್ಯುತ್ತಿದ್ದವರು. ಅಂಥವರು ಹುಡುಗಿಯ ಅಪ್ಪನ ತೆಪ್ಪದಲ್ಲಿ, ಅಂಚನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಕೂತಿದ್ದರು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಬಾಯಿ ಮಾತ್ರ ತೆರೆದಿತ್ತು. "ಎಲ್ಲಿದ್ದೀಯೋ ನರಭಕ್ಷಕಾ! ಬಾರೋ ಈಚೆಗೆ! ಪೇಪರ್ ತಗೋ ಬಾರೋ!"

ಆಚೆಗೆ ಹೋದರು, ಈಚೆಗೆ ಬಂದರು. ಮತ್ತೆ ಹೋದರು. ಬಿಸಿಲು ಏರಿತು, ಕಡ್ಲೆಕಾಯಿ ಮುಗಿಯಿತು, ಮೊಸಳೆ ಬರಲಿಲ್ಲ. ಜನಕ್ಕೆ ಬೇಸರವಾಯಿತು. ಬಸ್ ಚಾರ್ಜು ದಂಡವಾಯಿತೆಂದು ಬೈದರು. ಕೊನೆಗೆ ಪೂಜೆಯ ಬುಟ್ಟಿ ಹಿಡಿದ ಒಬ್ಬ ಮುದುಕಿ ಗುಂಪನ್ನು ಸೀಳಿಕೊಂಡು ಬಂದು, "ಅತ್ಲಾಗ್ ಸರ್ಕೊಳಯ್ಯಾ, ನಿನ್ ಬಡ್ಕಳಾದು ಸಾಕು. ನಾನ್ ಆಚ್ಗೆ ವೋಗ್ಬೇಕು" ಎಂದು ತೆಪ್ಪ ಹತ್ತಿಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಸಾಲು ನಿಂತಿತು. ಪೇಪರಿನವರು ಕೊನೆಗೂ ಕಣ್ಣು ತೆರೆದು ದಡಕ್ಕಿಳಿದರು. ಮೆಟ್ಟಿಲ ಮೇಲೆ ಕುಸಿದು ಕೂತು ನನ್ನನ್ನು ಕೇಳಿದ್ದು ಒಂದೇ: "ಮೇಡಮ್ಮೋರೆ, ಮೇಲಿನ್ ಮೆಟ್ಲೋರ್ಗೂ ಕೇಳಿಸ್ತಾ?"

ಸೋಮವಾರ ಹುಡುಗಿ ಮೊದಲ ಬೆಂಚಿನಲ್ಲಿ ಕೂತು ಪಕ್ಕದವಳ ಜೊತೆ ಜಗಳವಾಡುತ್ತಿದ್ದಳು. ನಾನು ಗದರಲಿಲ್ಲ. ಅವಳು ಮುಂದೆ ಓದಿ ನರ್ಸ್ ಆದಳು.

ಪೇಪರಿನವರು ಕೂಗುವುದನ್ನೇನೂ ಬಿಡಲಿಲ್ಲ. ಆದರೆ ಆಮೇಲೆ ಕೊಲೆ, ಕಳ್ಳತನ, ದೆವ್ವಗಳನ್ನೆಲ್ಲ ನಮ್ಮ ಬಸ್ ಸ್ಟ್ಯಾಂಡಿನಿಂದ ಬಸ್ಸೇ ಇಲ್ಲದ ಊರುಗಳಿಗೆ ಸಾಗಹಾಕಿದರು. ವ್ಯಾಪಾರ ಸ್ವಲ್ಪ ಇಳಿಯಿತು. ಆಮೇಲೆ ಹೊಸ ಶತಮಾನ ಬಂತು, ಹಗಲೂ ರಾತ್ರಿ ಸುದ್ದಿ ಹೇಳುವ ಟಿ.ವಿ. ಬಂತು. ಬಸ್ ಸ್ಟ್ಯಾಂಡಿನ ಹೋಟೆಲಿನ ಟಿ.ವಿ.ಯಲ್ಲಿ ಒಬ್ಬಾತ ಅರಚುತ್ತಿದ್ದುದನ್ನು ಕಾಫಿ ಹಿಡಿದು ನೋಡುತ್ತಾ ಅವರು ಹೇಳಿದ್ದು ಈಗಲೂ ನೆನಪಿದೆ: "ನಾನು ಬಸ್ಸು ಹೊರಡೋಗಂಟ ಕೂಗ್ತಿದ್ದೆ ಮೇಡಮ್ಮೋರೆ. ಪಾಪ, ಇವ್ರ ಬಸ್ಸು ಹೊರಡೋದೇ ಇಲ್ಲ."

ಅವರು ತೀರಿಕೊಂಡರೆಂದು ಕಂಡಕ್ಟರ್ ಹೇಳಿದಾಗ, "ಯಾವ ಬಸ್ಸಿಗೆ ಕೂಗಿದರಂತೆ?" ಎಂದು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅಸ್ಥಿಯನ್ನು ಸಂಗಮದಲ್ಲೇ ಬಿಡಬೇಕೆಂದು ಮಗನಿಗೆ ಹೇಳಿದ್ದರಂತೆ, ಮೊಸಳೆಗೆ ಕೊಟ್ಟ ಮಾತು ಬಾಕಿ ಇದೆಯೆಂದು. ಅದೇ ತೆಪ್ಪದವನು, ತಲೆ ನರೆತಿತ್ತು, ಪೇಪರಿನವರ ಮಗನನ್ನು ಕೂರಿಸಿಕೊಂಡು ಹೊರಟ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಹೊಳೆಯಲ್ಲಿ ಸದ್ದೇ ಇರಲಿಲ್ಲ. ಆ ಮನುಷ್ಯ ಹಾಗೆ ಸುಮ್ಮನೆ ಹೋಗುವುದು ನನಗೆ ತಡೆಯಲಾಗಲಿಲ್ಲ. ತೆಪ್ಪ ನಡುಹೊಳೆ ಮುಟ್ಟಿದಾಗ, ಕೊನೆಯ ಸೀಟಿನವನಿಗೆ ಕೇಳಿಸುವಂತೆ ಕೂಗಿದೆ:

"ನರಸೀಪುರದಲ್ಲಿ ಏನಾಯ್ತು ಗೊತ್ತಾ?"

ಆವತ್ತು ನಿಜವಾಗಿಯೂ ಆಗಿತ್ತು. ದೂರದಲ್ಲಿ ತೆಪ್ಪದವನು ಕೇಳಿಸಿತೆಂದು ಹುಟ್ಟನ್ನು ಮೇಲಕ್ಕೆತ್ತಿ ತೋರಿಸಿದ.